ಉಡಚಪ್ಪ ನಡೆದು ತೀರಿಸಿಕೊಂಡ ಸೇಡು

ಬ್ಯಾಡಗಿಯ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ಯಾರ ಮೂಗು ಸೋರಿದರೂ ಯಾರೂ ಕೇಳುವುದಿಲ್ಲ. ಎಲ್ಲರದೂ ಸೋರುತ್ತದೆ. ಹಮಾಲ ಉಡಚಪ್ಪ ಕೆಟ್ಟದ್ದು ಇದರಿಂದಲೇ.

ಐದು ವರ್ಷದ ಹಿಂದೆ ಚೀಲ ಹೊತ್ತು ಅವನ ಬೆನ್ನು ಹಿಡಿದುಕೊಂಡಿತು. ನನ್ನ ಚಹಾದಂಗಡಿಯ ಎದುರಿಗೇ ಶಂಭುಲಿಂಗನ ಮೆಡಿಕಲ್ ಶಾಪು. ಅವನು ಡಾಕ್ಟರ ಚೀಟಿ ಕೇಳದೆ ನೋವಿನ ಗುಳಿಗೆ ಕೊಟ್ಟ. ಅದು ಅಫೀಮಿನ ಜಾತಿಯದು. ದಿನಕ್ಕೆ ಒಂದಿದ್ದದ್ದು ಎಂಟಾಯಿತು. ಗುಳಿಗೆ ತಪ್ಪಿದ ದಿನ ಉಡಚಪ್ಪನಿಗೆ ಕಣ್ಣು ಮೂಗು ಸುರಿದು, ಆಕಳಿಕೆ ಬಂದು, ಮೈಯೆಲ್ಲ ನಡುಗುತ್ತಿತ್ತು. ಖಾರದ ಘಾಟು ಎಂದು ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ನಗು ನೆನೆದರೆ ಈಗಲೂ ನನ್ನ ಮೇಲೇ ನನಗೆ ಸಿಟ್ಟು ಬರುತ್ತದೆ. ಅದು ಘಾಟಲ್ಲವೆಂದು ಗೊತ್ತಿದ್ದವನು ಶಂಭುಲಿಂಗ ಒಬ್ಬನೇ.

ಕೊನೆಗೆ ಹೆಂಡತಿ ಹೊನ್ನವ್ವ ಹಟ ಹಿಡಿದಳು. ಇನ್ನು ಗುಳಿಗೆ ಬೇಡವೆಂದು ಉಡಚಪ್ಪ ಹೇಳಿದಾಗ ಶಂಭುಲಿಂಗ ನಕ್ಕ.

"ಬಿಡಪಾ, ಬಿಡು. ಮೂರ ದಿನದಾಗ ನಾಯಿ ಹಂಗ ಬಂದು ಈ ಕಟ್ಟಿ ಮ್ಯಾಲ ಕುಂದರ್ತಿ."

ಹಾವೇರಿಯ ಡಾಕ್ಟರ್ ಮೇಧಾ ಔಷಧಿ ಕೊಟ್ಟು, ದಿನಾ ಅರ್ಧ ತಾಸು ಹಗುರವಾಗಿ ನಡೆಯಲು ಹೇಳಿ ಕಳಿಸಿದರು. ಉಡಚಪ್ಪನ ತಲೆಯಲ್ಲಿ ಇದ್ದದ್ದು ಬೇರೆ.

"ಅಕ್ಕಾ, ಹದಿನೈದ ದಿನದಾಗ ಆ ಮಗನ ಮುಂದ ಚೀಲ ಎತ್ತಿ ತೋರಸ್ತೇನಿ" ಎಂದು ನನ್ನ ಅಂಗಡಿಗೆ ಬಂದು ಹೇಳಿದ. ಬೆಳಿಗ್ಗೆ ಎದ್ದು ರಾಣೆಬೆನ್ನೂರಿನ ರಸ್ತೆಯಲ್ಲಿ ಉಸಿರು ಕಟ್ಟುವಷ್ಟು ಓಡಿದ, ನೂರು ಬೈಠಕ್ ಹೊಡೆದ. ಬೇಡವೆನ್ನಬೇಕಾದ ನಾನು ಶಹಬ್ಬಾಸ್ ಎಂದೆ. ಹನ್ನೆರಡನೆಯ ದಿನ ಎದೆಯಲ್ಲಿ ಕಫ ಕಟ್ಟಿ, ಜ್ವರ ಏರಿ, ಆಸ್ಪತ್ರೆ ಸೇರಿದ.

"ನಡೀರಿ ಅಂದಿದ್ದೆ, ಓಡ್ರಿ ಅಂದಿದ್ನೇನ್ರಿ?" ಎಂದು ಡಾಕ್ಟರು ಬೈದರು. "ಗುಳಿಗೆ ಬಿಡೂ ಮುಂದ ಮೈಯಾಗ ರೋಗ ತಡಿಯೂ ಶಕ್ತಿ ಮೊದಲ ಕಡಿಮಿ ಇರ್ತದ. ಹಗೂರಕ ನಡದ್ರ ಅದು ಚೇತರಿಸ್ಕೋತದ. ಮೈ ಮುರಿಯೂವಂಗ ದಣದ್ರ ಇನ್ನಷ್ಟು ಕುಗ್ಗತದ."

"ಮತ್ತ ನನ್ನ ಸೇಡು?"

"ಅದನ್ನೂ ನಡಕೋಂತನ ತೀರಿಸ್ಕೋರಿ."

ಅದೇ ಸಂಜೆ ಇನ್ನೊಬ್ಬ ಹಮಾಲ ಫಿರೋಜ್ ನೋಡಲು ಬಂದ. ಅವನೂ ಅದೇ ಗುಳಿಗೆಗೆ ಬಿದ್ದವನೇ. ಶಂಭುಲಿಂಗ ಅವನ ಕೈಯಲ್ಲಿ ಒಂದು ಪಟ್ಟಿ ಗುಳಿಗೆ ಕೊಟ್ಟು ಕಳಿಸಿದ್ದ. ಉಡಚಪ್ಪ ಅದನ್ನು ಮುಷ್ಟಿಯಲ್ಲಿ ಹಿಡಿದು ಬಹಳ ಹೊತ್ತು ಅತ್ತನಂತೆ. ಆಮೇಲೆ ತಿರುಗಿ ಕೊಟ್ಟ.

"ಅವನ ಕೈಯಾಗ ಇಡು. ನಾ ಬರ್ತೇನಿ ಅಂತ ಹೇಳು."

ಬಂದ. ದಿನಾ ಬೆಳಿಗ್ಗೆ ಶಂಭುಲಿಂಗ ಬಾಗಿಲು ತೆಗೆಯುವ ಹೊತ್ತಿಗೆ ಸರಿಯಾಗಿ, ಹೊಸ ಮದುಮಗನ ಹಾಗೆ ನಿಧಾನವಾಗಿ ಆ ಕಟ್ಟೆಯ ಮುಂದೆ ಹಾದುಹೋಗುತ್ತಿದ್ದ.

"ಎಣಸಾಕತ್ತೀರೇನ್ರಿ ಶಂಭಣ್ಣಾ? ಇವತ್ತಿಗೆ ನಲವತ್ತು ದಿನ."

ಶಂಭುಲಿಂಗ ತಲೆ ತಗ್ಗಿಸಿ ಡಬ್ಬಿ ಜೋಡಿಸುತ್ತಿದ್ದ. ನೋಡಿ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ಜ್ವರ ಮತ್ತೆ ಬರಲಿಲ್ಲ.

ಎಂಬತ್ತೊಂದನೆಯ ದಿನ ಮಾರ್ಕೆಟ್ಟಿಗೆ ರಜೆ, ನನ್ನ ಮತ್ತು ಶಂಭುಲಿಂಗನ ಅಂಗಡಿ ಮಾತ್ರ ತೆರೆದಿದ್ದವು. ಮೆಣಸಿನಕಾಯಿಯ ಒಂದು ಚೀಲವೂ ಬಿಚ್ಚಿರಲಿಲ್ಲ, ಗಾಳಿ ಸ್ವಚ್ಛವಾಗಿತ್ತು. ಉಡಚಪ್ಪ ಅವತ್ತು ಸಂಖ್ಯೆ ಹೇಳಲಿಲ್ಲ. ಕಟ್ಟೆಯ ಮುಂದೆ ನಿಂತು ಹಿಂದಕ್ಕೆ ನೋಡಿ, "ಹಗೂರಕ ಬಾ, ಲಗೂ ಬ್ಯಾಡ" ಎಂದ. ಅವನ ಹಿಂದೆ ಫಿರೋಜ್ ನಡೆದು ಬರುತ್ತಿದ್ದ, ಕಣ್ಣು ಮೂಗು ಸುರಿಸಿಕೊಳ್ಳುತ್ತ. ಅದು ಘಾಟಲ್ಲವೆಂದು ನನಗೆ ಗೊತ್ತಾಯಿತು. ಶಂಭುಲಿಂಗನಿಗೂ ಗೊತ್ತಾಯಿತು.