ರಕ್ತ ಕೇಳಲು ಬಂದ ಡಾಕ್ಟರಮ್ಮ

ಡಾಕ್ಟರಮ್ಮನ ಕೈ ಚೆನ್ನೈನ ಮೇ ತಿಂಗಳಲ್ಲೂ ತಣ್ಣಗಿರುತ್ತಿತ್ತು. ಸೂಜಿ ಚುಚ್ಚುವ ಮೊದಲು ಅಂಗೈಗಳನ್ನು ಗಸಗಸ ಉಜ್ಜಿಕೊಂಡು, "ಸೂಜಿಗೆ ಬೇಕಾದ್ರೆ ಹೆದರಿ, ನನ್ನ ಕೈಗೆ ಹೆದರಬೇಡಿ" ಎನ್ನುತ್ತಿದ್ದರು.

ಖಿನ್ನತೆ ರಕ್ತದಲ್ಲಿ ಬರುತ್ತದೋ, ಬದುಕಿನಿಂದ ಬರುತ್ತದೋ ಎಂಬುದು ಅವರ ಸಂಶೋಧನೆ. ಈವರೆಗೆ ಪರೀಕ್ಷಿಸಿದ್ದೆಲ್ಲ ಹೆಚ್ಚಾಗಿ ಪರದೇಶದವರ ರಕ್ತ, ನಮ್ಮಂಥವರದನ್ನು ಯಾರೂ ಸರಿಯಾಗಿ ನೋಡಿಲ್ಲವೆಂದು ಪೆರಂಬೂರಿನ ಕನ್ನಡದ ಮನೆಗಳಿಗೂ ಬರುತ್ತಿದ್ದರು. ನಾನಾಗ ಬಸುರಿ, ತವರಿನಲ್ಲಿದ್ದೆ. ನನ್ನ ಬಾಲ್ಯದಲ್ಲಿ ಅಮ್ಮ ತಿಂಗಳುಗಟ್ಟಲೆ ಮಾತು ಬಿಟ್ಟು ಮಲಗಿದ್ದವಳು. ಅದು ನನಗೂ ಬಂದರೆ, ನನ್ನಿಂದ ಮಗುವಿಗೂ ಬಂದರೆ ಎಂದು ಸದಾ ಹೆದರುತ್ತಿದ್ದೆ.

"ನಮ್ಮ ವಂಶದಲ್ಲಿ ಅಂಥದ್ದೇನಿಲ್ಲಮ್ಮ. ನಂಗೆ ಉಡಂಬು ಸರಿಯಿರ್ಲಿಲ್ಲ, ಮೈಗೆ ಹುಷಾರಿರ್ಲಿಲ್ಲ, ಅಷ್ಟೇ" ಎಂದಳು ಅಮ್ಮ. ಎಲ್ಲ ಮನೆಗಳಲ್ಲೂ ಇದೇ ಉತ್ತರವಂತೆ. ಡಾಕ್ಟರಮ್ಮ ಕಾಯಿಲೆಯ ಸುದ್ದಿಯನ್ನೇ ಬಿಟ್ಟು, ಕಾಫಿ ಮುಗಿಸಿ, ಸಾವಕಾಶವಾಗಿ ಕೇಳಿದರು: "ನಿಮ್ಮಲ್ಲಿ ಮದುವೆ ಮುಂಜಿಗೆ ಬರೋದನ್ನೇ ನಿಲ್ಲಿಸಿಬಿಟ್ಟವರು ಯಾರಾದ್ರೂ ಇದ್ರಾ?"

"ನಮ್ಮಮ್ಮ" ಎಂದಳು ಅಮ್ಮ. ಕಾಫಿ ಲೋಟ ಎತ್ತಿಕೊಳ್ಳುತ್ತ, "ಆಮೇಲೆ ನಾನು."

ಆಗ ಮನೆಯಲ್ಲಿ ಏನು ನಡೆದಿತ್ತು ಎಂದು ಡಾಕ್ಟರಮ್ಮ ಮೆಲ್ಲಗೆ ಕೇಳುತ್ತ ಹೋದರು. ನನ್ನ ಬೆನ್ನಿಗೆ ಹುಟ್ಟಿ ತೀರಿಹೋದ ಕೂಸೊಂದಿತ್ತು ಎಂಬುದು ನನಗೆ ತಿಳಿದದ್ದೇ ಅಂದು.

ಇಬ್ಬರ ರಕ್ತವನ್ನೂ ತೆಗೆದುಕೊಂಡು ಅವರು ಹೊರಟಾಗ ಬಾಗಿಲವರೆಗೆ ಹೋದೆ. "ನಂಗೂ ಬರುತ್ತಾ ಡಾಕ್ಟರಮ್ಮ?" ಬರೋದಿಲ್ಲ ಎಂದುಬಿಡಲಿ ಎಂದು ದೇವರನ್ನು ಬೇಡಿಕೊಳ್ಳುತ್ತಿದ್ದೆ.

"ಗೊತ್ತಿಲ್ಲಮ್ಮ. ಗೊತ್ತಿದ್ದಿದ್ರೆ ನಿಮ್ಮನೆಗೆ ಯಾಕೆ ಬರ್ತಿದ್ದೆ? ಬಂದ್ರೆ ಮಾತ್ರ ಮುಚ್ಚಿಡಬೇಡ. ಅದಕ್ಕೆ ಔಷಧಿ ಇದೆ."

ನನಗೆ ಸಿಟ್ಟೇ ಬಂತು. ಇಷ್ಟೆಲ್ಲ ಓದಿ ಗೊತ್ತಿಲ್ಲ ಎನ್ನುವವರಿಂದ ಕೊಟ್ಟ ರಕ್ತ ವಾಪಸು ಕೇಳೋಣ ಎನಿಸಿತು.

ನನಗೆ ಒಂಬತ್ತು ತಿಂಗಳು ತುಂಬುವ ಹೊತ್ತಿಗೆ ಡಾಕ್ಟರಮ್ಮ ಹೃದಯಾಘಾತದಿಂದ ತೀರಿಕೊಂಡರು. ಬಸುರಿ ಎಂದು ಸಾವಿನ ಮನೆಗೆ ನನ್ನನ್ನು ಕಳಿಸಲಿಲ್ಲ. ಅವರು ಹುಡುಕುತ್ತಿದ್ದ ಉತ್ತರ ಇನ್ನೂ ಸಿಕ್ಕಿಲ್ಲ.

ಮಗಳು ಹುಟ್ಟಿದ ಮೇಲೆ ನಾನು ಹೆದರಿದ್ದೇ ಆಯಿತು. ಕೂಸು ಅತ್ತರೂ ಎತ್ತಿಕೊಳ್ಳಲು ಮನಸ್ಸಾಗುತ್ತಿರಲಿಲ್ಲ. ಬಾಣಂತಿಗೆ ಸುಸ್ತು ಸಹಜ ಎಂದರು ಎಲ್ಲರೂ. ಹೌದೆಂದು ಮುಸುಕೆಳೆದುಕೊಳ್ಳುವುದು ಸುಲಭವಿತ್ತು. ಹಾಗೆ ಮಾಡದಿದ್ದುದು ಡಾಕ್ಟರಮ್ಮನ ಋಣ. ಮಗುವನ್ನು ಅಮ್ಮನ ಕೈಗೆ ಕೊಟ್ಟು, ನೋಡಲು ಬಂದಿದ್ದ ಗಂಡನಿಗೆ ಹೇಳಿದೆ: "ಇದು ಸುಸ್ತಲ್ಲ ರೀ. ಅಮ್ಮನ ಕಾಯಿಲೆ. ಇವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ."

ಅಮ್ಮ ಮಗುವನ್ನು ಹೆಗಲಿಗೆ ಹಾಕಿಕೊಂಡು ಚಪ್ಪಲಿ ಮೆಟ್ಟಿದಳು. "ನಾನೂ ಬರ್ತೀನಿ" ಎಂದಳು. "ನಾನೂ ತೋರಿಸ್ಕೋಬೇಕು."