ನಾನು ತೆಗೆಯದ ಜೋಡಿ ಫೋಟೋ

ಬೇರೆಯವರು ತೆಗೆದ ಫೋಟೋ ಕೈಗೆ ಬಂದರೆ ನಾನು ಮೊದಲು ನೋಡುವುದು ಮುಖವನ್ನಲ್ಲ, ಅಂಚನ್ನು. ಎಲ್ಲಾದರೂ ಒಂದು ಮೊಣಕೈ ಕತ್ತರಿಸಿ ಹೋಗಿದೆಯೇ, ಮದುಮಗನ ತಲೆಯಿಂದ ಲೈಟಿನ ಕಂಬ ಹುಟ್ಟಿದೆಯೇ, ಹಿಂದೆ ಯಾರಾದರೂ ಆಕಳಿಸುತ್ತಿದ್ದಾರೆಯೇ ಎಂದು ಹುಡುಕುತ್ತೇನೆ. ಸಿಕ್ಕರೆ ಆ ದಿನ ಊಟ ರುಚಿಸುತ್ತದೆ. ಸಿಗದಿದ್ದರೆ 'ಪರವಾಗಿಲ್ಲ' ಎಂದು ಹಿಂದಕ್ಕೆ ಕೊಡುತ್ತೇನೆ. ಗಜೇಂದ್ರಗಡದ ಪೇಟೆಯಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಸ್ಟುಡಿಯೋ ನಡೆಸಿರುವ ನಾನು ಬಾಯಿತುಂಬ ಹೊಗಳಿರುವುದು ನಾನು ತೆಗೆದ ಫೋಟೋಗಳನ್ನು ಮಾತ್ರ. ಇದು ಒಳ್ಳೆಯ ಗುಣವಲ್ಲವೆಂದು ಗೊತ್ತು. ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು?

ಕೆಲವು ವರ್ಷಗಳಿಂದ ಈ ಗುಣ ಹೋಗಿ ರೋಗವಾಗಿದೆ. ರೋಗದ ಹೆಸರು ವಿಜಯಾ. ನಮ್ಮೂರಿನ ನೇಕಾರರ ಮನೆಯ ಹೆಣ್ಣುಮಗಳು, ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಫೋಟೋ ತೆಗೆಯುವುದೇ ಕಸುಬು. ಅವಳಿಗೆ ಸ್ಟುಡಿಯೋ ಇಲ್ಲ. ಸರೋವರ, ಹಂಸ, ಮೆಟ್ಟಿಲು ಬರೆದ ನನ್ನಂಥ ಪರದೆ ಇಲ್ಲ, ಕೆತ್ತನೆಯ ಕುರ್ಚಿ ಇಲ್ಲ, ಪ್ಲಾಸ್ಟಿಕ್ ಗುಲಾಬಿಯ ಹೂದಾನಿಯೂ ಇಲ್ಲ. ಒಂದು ಕ್ಯಾಮೆರಾ, ಒಂದು ಸ್ಕೂಟರ್, ಅಷ್ಟೆ. ಆದರೂ ರೋಣದಿಂದ, ನರಗುಂದದಿಂದ ಜನ ನನ್ನ ಅಂಗಡಿಯ ಮುಂದೆ ಬಂದು ನಿಂತು, 'ವಿಜಯಕ್ಕನ ಮನಿ ಯಾವ ಕಡೆರಿ?' ಎಂದು ನನ್ನನ್ನೇ ಕೇಳುತ್ತಾರೆ. ಮೊದಮೊದಲು ಗೊತ್ತಿಲ್ಲ ಎನ್ನುತ್ತಿದ್ದೆ. ಆಮೇಲೆ ಆ ಸುಳ್ಳು ನಡೆಯದಾಯಿತು, ಏಕೆಂದರೆ ಅವಳ ಮನೆ ನನ್ನ ಅಂಗಡಿಯಿಂದ ಕಾಣುತ್ತದೆ.

ಅವಳು ತೆಗೆಯುವುದು ಗಂಡಹೆಂಡಿರ ಫೋಟೋ. ಮದುವೆ ಆಗಲಿರುವವರದಷ್ಟೇ ಆಗಿದ್ದರೆ ವಯಸ್ಸಿನ ಮಹಿಮೆ ಎಂದು ಸುಮ್ಮನಿರಬಹುದಿತ್ತು. ಅವಳ ಹತ್ತಿರ ಬರುವವರಲ್ಲಿ ಮೊಮ್ಮಕ್ಕಳನ್ನು ಕಂಡವರೇ ಹೆಚ್ಚು. ಅಬ್ಬಿಗೇರಿಯ ಕಾಳಿನ ವ್ಯಾಪಾರಿಯೊಬ್ಬರು ಮತ್ತು ಅವರ ಮನೆಯವರು ಹೆಸರುಕಾಳಿನ ಚೀಲಗಳ ಮೇಲೆ ಕೂತಿರುವ ಫೋಟೋ ಒಂದನ್ನು ಅವಳು ತೆಗೆದಿದ್ದಾಳೆ. ಆ ಮುದುಕಿಯ ಮುಖ ನೋಡಬೇಕು ನೀವು. ಸೆರಗಿನ ತುದಿ ಬಾಯಿಗೆ ಹೋಗಿದೆ, ಕಣ್ಣು ನೆಲದ ಮೇಲಿದೆ, ಕೆನ್ನೆ ನಿನ್ನೆ ಅರಿಶಿನ ಹಚ್ಚಿಸಿಕೊಂಡವಳ ಕೆನ್ನೆ! ನನ್ನ ಹೊಟ್ಟೆ ಯಾಕೆ ಉರಿಯಿತೆಂದರೆ, ಅದೇ ದಂಪತಿ ಎರಡು ವರ್ಷದ ಹಿಂದೆ ನನ್ನಲ್ಲಿ ಫೋಟೋ ತೆಗೆಸಿಕೊಂಡಿದ್ದರು. ನನ್ನ ಫೋಟೋದಲ್ಲಿ ಅವರು ಹೊಲದ ಬದುವಿಗಾಗಿ ಕೋರ್ಟಿಗೆ ಬಂದ ವಾದಿ ಪ್ರತಿವಾದಿಗಳಂತೆ ಕೂತಿದ್ದರು.

ನಮ್ಮ ಕಾಲದ ಜೋಡಿ ಫೋಟೋಕ್ಕೆ ಒಂದು ಶಿಸ್ತಿತ್ತು. ಗಂಡ ಕುರ್ಚಿಯಲ್ಲಿ, ಹೆಂಡತಿ ಪಕ್ಕದಲ್ಲಿ ನಿಂತುಕೊಂಡು, ನಡುವೆ ಒಂದು ಗೇಣು ಜಾಗ. 'ಅಲುಗಬ್ಯಾಡ್ರಿ, ಇಲ್ಲೆ ನೋಡ್ರಿ' ಎಂದು ನಾನು ಕೂಗಿದ ಕೂಡಲೇ ಇಬ್ಬರೂ ಉಸಿರು ಬಿಗಿಹಿಡಿಯುತ್ತಿದ್ದರು. ಶೃಂಗಾರದಲ್ಲಿ ಕೂಡಿದಾಗಿನದು, ಅಗಲಿದಾಗಿನದು ಎಂದು ಎರಡು ಬಗೆ ಎಂದು ಹಳೆಯ ಲಾಕ್ಷಣಿಕರು ಹೇಳಿದ್ದಾರಂತೆ. ಅವರು ನನ್ನ ಸ್ಟುಡಿಯೋಕ್ಕೆ ಬಂದಿದ್ದರೆ ಕೂಡಿಯೂ ಇಲ್ಲದ, ಅಗಲಿಯೂ ಇಲ್ಲದ ಮೂರನೆಯ ಬಗೆಯೊಂದನ್ನು ಸೇರಿಸಿಕೊಳ್ಳಬಹುದಾಗಿತ್ತು.

ವಿಜಯಾ ಈ ಕಸುಬಿಗೆ ಬಂದ ಕತೆಯನ್ನು ಹೇಳಿದವರು ಪೇಟೆಯ ಸೀರೆ ವ್ಯಾಪಾರಿ. ಮಗ್ಗದಿಂದ ಇಳಿದ ಸೀರೆಗಳ ಚಿತ್ರ ತೆಗೆದು ಹೊರಗಿನ ಗಿರಾಕಿಗಳಿಗೆ ಕಳಿಸುವ ಕೆಲಸವನ್ನು ಅವಳಿಗೆ ಕೊಟ್ಟಿದ್ದರಂತೆ. ಉಡಲು ಬೇರೆ ಯಾರು ಸಿಗಬೇಕು? ಓಣಿಯ ಹೆಂಗಸರೇ ಉಟ್ಟು ನಿಂತರು. ನೋಡಲು ಅವರ ಗಂಡಂದಿರೂ ಬಂದು ಬಾಗಿಲಲ್ಲಿ ನಿಂತರು. ಆಮೇಲೆ ನೋಡಿದರೆ ಎಲ್ಲ ಚಿತ್ರಗಳಲ್ಲೂ ಹೆಂಗಸರು ಬಾಗಿಲ ಕಡೆ ಓರೆಗಣ್ಣಿನಲ್ಲಿ ನೋಡುತ್ತಿದ್ದಾರೆ. 'ಸೀರಿ ಯಾರೂ ಕೇಳಲಿಲ್ರಿ, ಇಕಿ ಯಾರನ್ನ ನೋಡಾಕತ್ತಾಳ ಅಂತ ಕೇಳಿದ್ರು' ಎಂದು ವ್ಯಾಪಾರಿ ಹಣೆ ಬಡಿದುಕೊಂಡರು. ಸೀರೆಯ ಕೆಲಸ ತಪ್ಪಿತು, ಅವಳಿಗೆ ದಾರಿ ಸಿಕ್ಕಿತು. ಈ ಕತೆ ಕೇಳಿ ನಾನು ಜೋರಾಗಿ ನಕ್ಕೆ. ಒಳಗೆ ಮಾತ್ರ, ಅಷ್ಟು ವರ್ಷ ಅದೇ ಹೆಂಗಸರು ನನ್ನ ಲೈಟಿನ ಮುಂದೆ ನಿಂತಾಗ ಅವರ ಗಂಡಂದಿರನ್ನು 'ಹೊರಗ ಕುಂದರ್‍ರಿ, ನೆರಳು ಬೀಳತೈತಿ' ಎಂದು ಕಳಿಸಿದವನು ನಾನೇ ಎಂಬುದು ಚುಚ್ಚಿತು.

ಆ ಮುದುಕಿಯ ಮುಖದಲ್ಲಿದ್ದಂಥ ನಾಚಿಕೆಯನ್ನು ವಿಜಯಾ ಹೇಗೆ ತರಿಸುತ್ತಾಳೆ ಎಂಬುದು ನನ್ನ ನಿದ್ದೆ ಕೆಡಿಸಿದ ಪ್ರಶ್ನೆ. ಕೊನೆಗೆ ಅವಳಲ್ಲಿ ಫೋಟೋ ತೆಗೆಸಿಕೊಂಡಿದ್ದ ಮುಶಿಗೇರಿಯ ಒಬ್ಬರು ಗುಟ್ಟು ಬಿಟ್ಟುಕೊಟ್ಟರು. 'ಏನಿಲ್ರಿ, ನಮ್ಮಾಕಿಗೆ ಒಡಪು ಹೇಳು ಅಂದ್ಳು.' ಅಷ್ಟೇ! ಹೆಂಡತಿ ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಮ್ಮಿಯಾಗುತ್ತದೆಂದು ನಮ್ಮ ಕಡೆ ಹಿಂದಿನವರು ನಂಬಿದ್ದರು. ಹೇಳಲೇಬೇಕಾಗಿ ಬಂದಾಗ ಪ್ರಾಸ ಕೂಡಿಸಿ ಎರಡು ಸಾಲು ಕಟ್ಟಿ, ಹೆಸರನ್ನು ಅದರೊಳಗೆ ಬಚ್ಚಿಟ್ಟು ಹೇಳುವುದೇ ಒಡಪು. ಆಯುಷ್ಯದ ಭಯ ಈಗ ಯಾರಿಗೂ ಇಲ್ಲ, ಆದರೆ ಹೆಸರು ನಾಲಿಗೆಯ ತುದಿಗೆ ಬಂದಾಗಿನ ನಾಚಿಕೆ ಇನ್ನೂ ಇದೆ. ಅದನ್ನು ಹಿಡಿಯಬಹುದೆಂದು ನನಗೆ ಹೊಳೆಯಲಿಲ್ಲವಲ್ಲ ಎಂದು ಮೈಯೆಲ್ಲ ಉರಿಯಿತು.

ಉರಿದರೇನು, ಕದಿಯಲು ಅಡ್ಡಿಯಿಲ್ಲವಲ್ಲ. ಮರುದಿನವೇ ರಾಜೂರಿನಿಂದ ಒಂದು ಜೋಡಿ ಬಂತು. ಕೂಡಿಸಿ, ಲೈಟು ಹಚ್ಚಿ, 'ಒಂದು ಒಡಪು ಹೇಳವಾ' ಎಂದೆ. ಆಕೆ ಸೆರಗು ಸರಿಮಾಡಿಕೊಂಡು, ಕೈಕಟ್ಟಿ, ಲೆನ್ಸನ್ನೇ ದುರುಗುಟ್ಟಿ ನೋಡುತ್ತಾ ಶಾಲೆಯಲ್ಲಿ ಪದ್ಯ ಒಪ್ಪಿಸಿದಂತೆ ಎಂಟು ಸಾಲು ಹೇಳಿದಳು. ಗಂಡನೂ ಲೆನ್ಸನ್ನೇ ನೋಡುತ್ತಿದ್ದ. ಮುಗಿದ ಮೇಲೆ, 'ಇನ್ನೊಂದ್ ಹೇಳ್ಲೇನ್ರಿ? ಇದಕ್ಕಿಂತಾ ಉದ್ದಂದು ಬರ್ತದ' ಎಂದಳು. ಬೇಡವೆಂದೆ.

ಸಂಜೆ ಮನೆಗೆ ಹೋಗಿ ನನ್ನ ಹೆಂಡತಿ ಸುಮಂಗಲೆಯ ಮುಂದೆ ಇದನ್ನೆಲ್ಲ ಹೇಳಿ, 'ಅಕಿದು ಕಲಾ ಅಲ್ಲ, ಕಣ್ಕಟ್ಟು' ಎಂದು ತೀರ್ಪು ಕೊಟ್ಟೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

'ಹಂಗಾದ್ರ ನಮ್ಮದೂ ಒಂದು ಆ ಕಣ್ಕಟ್ಟ ಮಾಡ್ಸೂಣ್ರಿ' ಎಂದಳು.

ಇಲ್ಲಿ ಒಂದು ಹಳೆಯ ಅವಮಾನವನ್ನು ಹೇಳಲೇಬೇಕು. ಸಾವಿರಾರು ಮದುವೆಗಳ ಫೋಟೋ ತೆಗೆದ ನನ್ನ ಮದುವೆಯದು ಒಂದೂ ಫೋಟೋ ಇಲ್ಲ. ಅಂದು ಗೆಳೆಯನೊಬ್ಬನಿಗೆ ನನ್ನ ಕ್ಯಾಮೆರಾ ಕೊಟ್ಟಿದ್ದೆ, ಆದರೆ ಫಿಲ್ಮ್ ರೋಲು ಹಾಕುವುದನ್ನು ಅವನಿಗೆ ಬಿಡಲಿಲ್ಲ. ಅವನ ಕೈಯ ಮೇಲೆ ನಂಬಿಕೆ ಸಾಲದು. ಹಣೆಗೆ ಬಾಸಿಂಗ ಕಟ್ಟಿಕೊಂಡು, ಪುರೋಹಿತರು ಕರೆಯುತ್ತಿದ್ದಂತೆಯೇ ನಾನೇ ಅವಸರದಲ್ಲಿ ಹಾಕಿದೆ. ಮೂವತ್ತಾರು ಫೋಟೋಕ್ಕೆ ಮುಗಿಯಬೇಕಾದ ರೋಲು ನಲವತ್ತಾದರೂ ಓಡುತ್ತಿತ್ತು. 'ಏನ್ ಚಲೋ ರೋಲೋ ಇದು!' ಎಂದು ಗೆಳೆಯ ಹಿಗ್ಗಿದ. ಬಾಸಿಂಗ ಕಣ್ಣಿಗೆ ಅಡ್ಡವಾಗಿ ರೋಲಿನ ತುದಿ ಅದನ್ನು ಎಳೆಯುವ ಚಕ್ರದ ಹಲ್ಲಿಗೆ ಸಿಕ್ಕಿರಲೇ ಇಲ್ಲ. ಇಡೀ ಮದುವೆ ಒಂದೇ ಜಾಗದಲ್ಲಿ ನಿಂತ ರೋಲಿನ ಮುಂದೆ ನಡೆದುಹೋಗಿತ್ತು.

ಆಮೇಲೆ ಇಬ್ಬರ ಪಾಸ್‌ಪೋರ್ಟ್ ಫೋಟೋಗಳನ್ನು ಸೇರಿಸಿ ನಾನೇ ಒಂದು ಜೋಡಿ ಫೋಟೋ ಮಾಡಿ ಗೋಡೆಗೆ ಹಾಕಿದೆ. ಈ ಜೋಡಿಸುವ ಕೆಲಸದಲ್ಲಿ ನಾನು ಹೆಸರುವಾಸಿ. ಆದರೆ ನಮ್ಮದರಲ್ಲಿ ನನಗೆ ಎಡದಿಂದ ಬೆಳಕು, ಅವಳಿಗೆ ಬಲದಿಂದ. ಅವಳ ತಲೆ ನನ್ನದಕ್ಕಿಂತ ಒಂದು ಸುತ್ತು ದೊಡ್ಡದು. ಅವಳು ಇಷ್ಟು ವರ್ಷ ಅದನ್ನು ಒರೆಸುತ್ತಾ ಬಂದಿದ್ದಳು, ಒಂದು ಮಾತೂ ಆಡಿರಲಿಲ್ಲ.

'ನಾನ ತಗೀತೀನಿ, ಟೈಮರ್ ಇಟ್ಟು' ಎಂದೆ. ತೆಗೆದೆ ಕೂಡ. ಒತ್ತಿ, ಓಡಿ ಬಂದು, ಅವಳ ಪಕ್ಕ ನಿಂತು, ಮತ್ತೆ ಹೋಗಿ ನೋಡಿ, ಹತ್ತು ಸಲ.

'ಎಲ್ಲಾದ್ರಾಗೂ ನೀವು ಬಸ್ ಹಿಡ್ಯಾಕ ಓಡಿ ಬಂದಂಗ ಕಾಣತೀರಿ' ಎಂದಳು ಸುಮಂಗಲಾ. ನಂತರ ನಗುವುದನ್ನು ಬಿಟ್ಟು ಹೇಳಿದಳು: 'ಗಂಡ ತೀರಿದ ಮ್ಯಾಲೆ ಹೆಣ್ಣಮಕ್ಕಳು ಸಣ್ಣ ಫೋಟೋ ಹಿಡಕೊಂಡು ನಿಮ್ಮ ಅಂಗಡಿಗೆ ಬರತಾರಲ್ಲ, ನಮ್ಮ ಬಾಜೂಕ ಇವರನ್ನ ಜೋಡಿಸಿಕೊಡ್ರಿ ಅಂತ. ಅದರಾಗ ನಾನೂ ಒಬ್ಬಾಕಿ ಆಗಬೇಕೇನ್ರಿ? ನನಗ ಒಂದ ಖರೇ ಫೋಟೋ ಬೇಕು. ಇಬ್ಬರೂ ಜೀವಂತ ಇದ್ದಾಗಿಂದು.'

ಅಂಥ ಎಷ್ಟೋ ಹೆಂಗಸರು ನನ್ನ ಎದುರಿಗೆ ಸ್ಟೂಲಿನ ಮೇಲೆ ಕೂತು ಹೋಗಿದ್ದಾರೆ. ಅವರ ಸಾಲಿನಲ್ಲಿ ಇವಳನ್ನು ಕಲ್ಪಿಸಿಕೊಂಡೆ. ಅದೂ ಬೇರೆ ಯಾರದೋ ಅಂಗಡಿಯಲ್ಲಿ! ಮರುದಿನ ಬೆಳಿಗ್ಗೆ ವಿಜಯಾಳ ಮನೆಗೆ ನಡೆದೆ. ಐವತ್ತು ಹೆಜ್ಜೆಯ ದಾರಿ ಅಷ್ಟು ಉದ್ದವಿದೆಯೆಂದು ಅಂದು ತಿಳಿಯಿತು.

ಬೇರೆ ಜೋಡಿಗಳನ್ನು ಕರೆದಂತೆ ಅವಳು ಊರ ಹೊರಗಿನ ಗುಡ್ಡಕ್ಕೂ ಕರೆಯಲಿಲ್ಲ, ಅಲ್ಲಿಯ ಗಾಳಿಯಂತ್ರಗಳ ಕಡೆಗೂ ಕರೆಯಲಿಲ್ಲ. 'ಮನಿಗೇ ಬರ್ತೀನ್ರಿ ಸರ' ಎಂದಳು. ಬಂದವಳು ನಮ್ಮ ಅಡುಗೆಮನೆಯ ಹೊಸ್ತಿಲ ಹತ್ತಿರ ಇಬ್ಬರನ್ನೂ ಕೂಡಿಸಿದಳು. ನಾನು ಬಾಯಿ ಹಾಕಿದೆ. ಬೆಳಕು ಸಾಲದು ಎಂದೆ. ಹಿಂದಿನ ಕೊಡ ಸರಿಸಬೇಕು ಎಂದೆ.

'ಸರ, ಇವತ್ತ ನೀವು ಗಿರಾಕಿ' ಎಂದಳು ಮೆಲ್ಲಗೆ.

ಸುಮ್ಮನಿರಲಾರದೆ, ಈ ನಮೂನೆಯ ಫೋಟೋ ತೆಗೆಯುವುದನ್ನು ಯಾರಿಂದ ಕಲಿತೆ ಎಂದು ಕೇಳಿಬಿಟ್ಟೆ.

'ನಿಮ್ಮಿಂದಾನರಿ. ನಿಮ್ಮ ಶೋಕೇಸಿನ್ಯಾಗ ನಮ್ಮ ಅವ್ವಾ ಅಪ್ಪನ ಫೋಟೋ ಇತ್ತಲ್ರಿ. ಸಾಲಿಗೆ ಹೋಗೋವಾಗ ದಿನಾ ನಿಂತು ನೋಡ್ತಿದ್ದೆ. ಇಬ್ಬರ ನಡುವ ಒಂದು ಗೇಣು ಜಾಗಾ. ಮನ್ಯಾಗ ಅವರು ಹಂಗ ಇರಲಿಲ್ರಿ. ಅಪ್ಪ ಮಗ್ಗದಾಗ ಕುಂತ್ರ ಅವ್ವ ಬಾಜೂಕ ನೂಲು ಸುತ್ತಾಕಿ, ಇಬ್ಬರದೂ ಮಾತು ಮುಗೀತಿರಲಿಲ್ಲ. ಆ ಒಂದು ಗೇಣಿನ್ಯಾಗ ಅದೆಲ್ಲಾ ಎಲ್ಲಿ ಹೋತು ಅಂತ ಹುಡುಕಾಕ ಕ್ಯಾಮೆರಾ ಹಿಡದ್ನಿ.'

ಇದು ಹೊಗಳಿಕೆಯೋ ಬೈಗುಳವೋ ತಿಳಿಯದೆ ನಾನು ಮೀಸೆ ತಿರುವಿದೆ. ಅವಳು ಸುಮಂಗಲೆಗೆ ಒಡಪು ಹೇಳಲು ಹೇಳಿದಳು. ಇವಳೋ ಇದಕ್ಕಾಗಿಯೇ ಕಾದಿದ್ದವಳಂತೆ ನನ್ನ ಕಡೆ ತಿರುಗಿ ಶುರುಮಾಡಿದಳು:

'ಊರ ಮಂದಿ ಮುಖಕ್ಕೆಲ್ಲಾ ಹಿಡದಾರ ಬೆಳಕಿನ ದೀಪ,
ಮನಿ ಹೆಂಡ್ತಿ ಮುಖಾ ನೋಡಾಕ ನಮ್ಮ ಈರಪ್ಪನವರಿಗೆ ಬೇಕು ಒಂದು ನೆಪ.'

ನನ್ನ ಮುಖ ಏನಾಯಿತೋ ನಾನು ಕಾಣೆ. ಕಾಲಡಿಯ ಗಚ್ಚಿನ ನೆಲ ನೋಡುತ್ತಿದ್ದೆ ಎಂಬುದು ಮಾತ್ರ ನೆನಪಿದೆ. ಕ್ಯಾಮೆರಾದ ಸದ್ದಾಗಲಿಲ್ಲ. ಆಗಲೇ ವಿಜಯಾ, 'ಈಗ ನೀವು ಅಕ್ಕಾರ ಹೆಸರು ಹೇಳ್ರಿ ಸರ. ಒಡಪು ಬ್ಯಾಡ, ಬರೇ ಹೆಸರು' ಎಂದಳು.

ನೋಡಿ, ನಾನು ಅವಳನ್ನು ಇಷ್ಟು ವರ್ಷ 'ಏ, ಇಲ್ಲೆ ಕೇಳಿಲ್ಲೆ' ಎಂದೇ ಕರೆದವನು. ರೇಷನ್ ಕಾರ್ಡಿಗೆ ಬರೆಸುವಾಗ, ದವಾಖಾನೆಯಲ್ಲಿ ಚೀಟಿ ಮಾಡಿಸುವಾಗ ಆ ಹೆಸರು ಬೇರೆಯವರಿಗೆ ಹೇಳಿದ್ದೇನೆ. ಅವಳಿಗೇ ಹೇಳಿದ್ದಿಲ್ಲ. 'ಸುಮಂಗಲಾ' ಎಂದೆ.

ಸದ್ದಾಯಿತು. ಒಂದೇ ಸಲ. ವಿಜಯಾ ಕ್ಯಾಮೆರಾವನ್ನು ಚೀಲಕ್ಕೆ ಹಾಕಿ, 'ಹೇಳಾವ್ರ ಮುಖಾ ಎಲ್ಲಾರೂ ತಗೀತಾರ್ರಿ, ನಾ ಕೇಳಾವ್ರದ ತಗೀತೀನಿ' ಎಂದು ಚಹಾ ಕುಡಿದು ಹೋದಳು. ಅಬ್ಬಿಗೇರಿಯ ಮುದುಕಿಯ ಕೆನ್ನೆಯ ಗುಟ್ಟು ಆಗ ಬಯಲಾಯಿತು. ಆಕೆ ಒಡಪು ಹೇಳುತ್ತಿರಲಿಲ್ಲ, ಯಜಮಾನರ ಬಾಯಲ್ಲಿ ತನ್ನ ಹೆಸರು ಕೇಳುತ್ತಿದ್ದಳು. ನಾನು ಕದ್ದಿದ್ದು ಅರ್ಧ ಗುಟ್ಟು.

ಫೋಟೋ ಬಂದ ದಿನ ಅದನ್ನು ಕಿಟಕಿಗೆ ಹಿಡಿದು ಅಂಚುಗಳನ್ನು ನೋಡಿದೆ. ಮೂಲೆಯ ಕೊಡದ ಕಂಠ ಕತ್ತರಿಸಿ ಹೋಗಿತ್ತು. ನನ್ನ ಅಂಗಿಯ ಮೇಲಿನ ಗುಂಡಿ ಬಿಚ್ಚಿತ್ತು. ಹಿಗ್ಗಿನಿಂದ ಅವನ್ನು ಎಣಿಸಿ ಹೇಳುತ್ತಿದ್ದಾಗ ಸುಮಂಗಲಾ, 'ಕೊಡ ಹಾಳಾಗಿ ಹೋಗ್ಲಿ, ನನ್ನ ನೋಡ್ರಿ' ಎಂದಳು.

ನೋಡಿದೆ. ಹೊಟ್ಟೆ ಬಂದ, ತಲೆ ಬೋಳಾದ, ಬಾಯಿ ಅರ್ಧ ತೆರೆದ ಒಬ್ಬ ಮನುಷ್ಯನನ್ನು ಅವಳು ನೋಡುತ್ತಿದ್ದಳು. ಹೇಗೆ ನೋಡುತ್ತಿದ್ದಳು ಎಂಬುದನ್ನು ಬರೆಯಲು ನನಗೆ ಬರುವುದಿಲ್ಲ, ಬಂದರೂ ನಿಮಗೆ ಹೇಳುವುದಿಲ್ಲ. ನನ್ನ ಕಸುಬೇ ನೋಡುವುದು. ನನ್ನ ಮನೆಯಲ್ಲೇ ಇದ್ದ ಈ ನೋಟವನ್ನು ಆ ಹುಡುಗಿ ಬಂದು ಚಹಾ ಕುದಿಯುವಷ್ಟರಲ್ಲಿ ಕಂಡುಹೋದಳು. ಇಷ್ಟು ದಿನ ಪಟ್ಟ ಹೊಟ್ಟೆಕಿಚ್ಚೆಲ್ಲ ಇದರ ಮುಂದೆ ಏನೂ ಅಲ್ಲ.

'ಹಿಂಗ ಯಾವಾಗ ನೋಡಿದ್ದಿ ನೀ ನನ್ನ?' ಎಂದು ಕೇಳಿದೆ. ದನಿಯಲ್ಲಿ ಸ್ವಲ್ಪ ಜಗಳವೂ ಇತ್ತೆಂದು ಕಾಣುತ್ತದೆ.

'ದಿನಾ ನೋಡ್ತೀನಿ. ಆ ಹೊತ್ತಿನ್ಯಾಗ ನಿಮ್ಮ ಒಂದು ಕಣ್ಣು ಮುಚ್ಚಿರತೈತಿ, ಇನ್ನೊಂದು ಕ್ಯಾಮೆರಾದಾಗ ಇರತೈತಿ' ಎಂದು ಅವಳು ಒಳಗೆ ಹೋದಳು.

ಈಗ ಫೋಟೋ ಅಂಗಡಿಯ ಶೋಕೇಸಿನಲ್ಲಿದೆ. ನೀವೇ ತೆಗೆದದ್ದೇ ಎಂದು ಯಾರಾದರೂ ಕೇಳಿದರೆ ಒಂದು ಕ್ಷಣ ನಾಲಿಗೆ ತುರಿಸುತ್ತದೆ. ಆಮೇಲೆ ಕಿಟಕಿಯಿಂದ ವಿಜಯಾಳ ಮನೆ ತೋರಿಸುತ್ತೇನೆ. ಹೊಟ್ಟೆಕಿಚ್ಚು ಆರಿದೆಯೆಂದು ಸುಳ್ಳು ಹೇಳಲಾರೆ. ಆದರೆ ಸಂಜೆ ಅಂಗಡಿ ಮುಚ್ಚಿ, ಕ್ಯಾಮೆರಾ ಅಲ್ಲಿಯೇ ಇಟ್ಟು, ಬರಿಗೈಯಲ್ಲಿ ಮನೆಗೆ ಬರುತ್ತೇನೆ. ಅಡುಗೆಮನೆಯ ಬಾಗಿಲಲ್ಲಿ ಕೂತು ಮಾತಿನ ನಡುವೆ ಥಟ್ಟನೆ ತಲೆ ಎತ್ತುತ್ತೇನೆ, ಆ ನೋಟ ಸಿಕ್ಕಿಬೀಳಲಿ ಎಂದು. ಎರಡು ವಾರವಾಯಿತು, ಒಮ್ಮೆಯೂ ಸಿಕ್ಕಿಲ್ಲ. ನಿನ್ನೆ ಅವಳೇ ಕೇಳಿದಳು:

'ಏನ್ರಿ ಹಂಗ ನನ್ನ ನೋಡಾಕತ್ತೀರಿ? ಹಾಲು ಉಕ್ಕಾಕತ್ತೈತಿ, ಅದನ್ನ ನೋಡ್ರಿ.'

ಹಾಲು ಉಕ್ಕಿಯೇ ಹೋಯಿತು. ನಾನು ನೋಡುತ್ತಲೇ ಇದ್ದೆ, ಹಾಲನ್ನಲ್ಲ.