ತಂತಿಯಲ್ಲಿ ಸಿಕ್ಕ ಗಂಗವ್ವನ ದನಿ

ಹೊರ್ತಿಯ ರಾಚಪ್ಪ ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡ ಗಿಟಾರಿನ ತಂತಿಯ ಮೇಲೆ ಉಕ್ಕಿನ ಸರಳನ್ನು ಮೆಲ್ಲಗೆ ಜಾರಿಸಿದರು. ಎದುರಿಗೆ ಕುಳಿತಿದ್ದ ಹೆಂಡತಿ ಗಂಗವ್ವ ಅಲ್ಲವೆಂದು ತಲೆ ಅಲ್ಲಾಡಿಸಿದರು. ಗಂಟಲಿನ ಆಪರೇಷನ್ ಆದಮೇಲೆ ಅವರಿಗೆ ಮಾತಿಲ್ಲ. ಅವರು ಹಾಡುತ್ತಿದ್ದ ಬೀಸುಕಲ್ಲಿನ ಪದವನ್ನು ರಾಚಪ್ಪ ತಂತಿಯಲ್ಲಿ ಹುಡುಕುತ್ತಿದ್ದರು. ಸಾಲಿನ ಕೊನೆಯಲ್ಲಿ ಬರುವ ದನಿಯ ಎಳೆತ ಮಾತ್ರ ಸಿಗುತ್ತಿರಲಿಲ್ಲ. ಮತ್ತೆ ತಪ್ಪಿದಾಗ ಗಂಗವ್ವ ಅವರ ಮೊಣಕಾಲಿಗೆ ಒಂದು ಏಟು ಕೊಟ್ಟರು.

“ಮೊದಲ ಬಾಯಿಲೆ ಬೈತಿದ್ಲು, ಈಗ ಕೈಲೆ ಬೈತಾಳ ನೋಡ್ರಿ ಸರ್,” ಎಂದು ರಾಚಪ್ಪ, ಅವರ ಗಿಟಾರ್ ಕೇಳಲೆಂದು ಬಂದಿದ್ದ ನನ್ನತ್ತ ತಿರುಗಿ ನಕ್ಕರು.

ಗಂಗವ್ವ ನಗಲಿಲ್ಲ. ಎದ್ದು ಬಂದು ಪಕ್ಕದಲ್ಲಿ ಕುಳಿತು, ಸರಳು ಹಿಡಿದ ಗಂಡನ ಕೈಯ ಮೇಲೆ ತಮ್ಮ ಕೈ ಇಟ್ಟರು. ರಾಚಪ್ಪ ತಂತಿ ಮೀಟಿದಾಗ ಅವರು ಸರಳನ್ನು ನಿಧಾನವಾಗಿ ಮೇಲಕ್ಕೆ ಒಯ್ದು, ಅಲ್ಲೇ ಒಂದಿಷ್ಟು ನಡುಗಿಸಿ, ಕೆಳಗಿಳಿಸಿದರು. ಹೆಂಗಸೊಬ್ಬರು ಹಾಡಿ ನಿಲ್ಲಿಸಿದಂತಾಯಿತು. ರಾಚಪ್ಪನವರ ಮುಖದಲ್ಲಿ ಈಗ ನಗು ಇರಲಿಲ್ಲ.

“ಇನ್ನೊಮ್ಮಿ ಹಾಡು,” ಎಂದರು.

ಅದಾದ ಮೇಲಿನ ಈ ಒಂದು ವರ್ಷದಲ್ಲಿ ಸಿಂದಗಿ, ಬಸವನ ಬಾಗೇವಾಡಿ ಕಡೆಯ ಭಜನೆಗಳಲ್ಲಿ ಸ್ಟೀಲ್ ಗಿಟಾರ್ ನುಡಿಸುವ ಒಳ್ಳೊಳ್ಳೆಯ ಕಲಾವಿದರನ್ನು ಕೇಳಿದ್ದೇನೆ. ಗಂಗವ್ವ ಹಾಡಿದ್ದನ್ನು ನಾನು ಎಂದೂ ಕೇಳಿಲ್ಲ. ಆದರೂ ಅಂದಿನಿಂದ ನನ್ನ ಜೀವ ಹಂಬಲಿಸುತ್ತಿರುವುದು ಆ ದನಿಗೆ.